ಬ್ರಿಟನ್ನಿನ ಹಳೆಯ ರೈಲು ನಿಲ್ದಾಣಗಳು: ನೀವು ಕೇಳಿದ್ದು, ನಾವು ಹೇಳುವುದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರಿಟನ್ನಿನ ಹಳೆಯ, ಬಹುಪಾಲು ಮುಚ್ಚಿಹೋದ ಸ್ಟೇಷನ್ನುಗಳ ಬಗ್ಗೆ. ಅಲ್ಲಿ ನೆಲೆಸಿರುವವರೂ ಮಕ್ಕಳ ಮನೆಗೆ ಹೋಗಿಬಂದವರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ಡರ್ಬಿಶೈರಿನ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಫೋಟೊ ಪೋಸ್ಟ್‌ಕಾರ್ಡ್ ಸಿಕ್ಕಿದೆ. ಚಿಕ್ಕ ಸ್ಟೇಷನ್, ಪ್ಲಾಟ್‌ಫಾರಂ ಮೇಲೆ ನಾಲ್ಕಾರು ಜನ, ದೂರದಲ್ಲಿ ಒಂದು ಎಂಜಿನ್. ವರ್ಷ ಬರೆದಿಲ್ಲ. ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಉ: ಚಿತ್ರ ಆಮೇಲೆ ನೋಡಿದರಾಯಿತು, ಮೊದಲು ಕಾರ್ಡನ್ನು ಮಗುಚಿ ಹಾಕಿ. ವಿಳಾಸವನ್ನೂ ಒಕ್ಕಣೆಯನ್ನೂ ಒಂದೇ ಬದಿಯಲ್ಲಿ ಬರೆಯಲು ಬ್ರಿಟನ್ನಿನ ಅಂಚೆ ಇಲಾಖೆ ಒಪ್ಪಿದ್ದು 1902ರಲ್ಲಿ. ಹಿಂಬದಿಯಲ್ಲಿ ನಡುವೆ ಗೆರೆ ಇದ್ದರೆ ಕಾರ್ಡು ಅದರ ನಂತರದ್ದು. ಅರ್ಧ ಪೆನ್ನಿಯ ಅಂಚೆಚೀಟಿ ಹಚ್ಚಿ ದೇಶದೊಳಗೇ ಕಳಿಸಿದ್ದರೆ 1918ರ ಜೂನ್‌ಗಿಂತ ಹಿಂದಿನದು. ಆ ತಿಂಗಳು ದರ ಒಂದು ಪೆನ್ನಿಗೆ ಏರಿತು. ಅಂಚೆ ಮುದ್ರೆಯ ತಾರೀಖು ಕಾರ್ಡು ಕಳಿಸಿದ ದಿನವನ್ನು ಹೇಳುತ್ತದೆಯೇ ಹೊರತು ಫೋಟೊ ತೆಗೆದ ದಿನವನ್ನಲ್ಲ. ಅಂಗಡಿಯಲ್ಲಿ ಹತ್ತು ವರ್ಷ ಕೂತ ಕಾರ್ಡುಗಳೂ ಉಂಟು.

ಎರಡನೆಯದಾಗಿ, ಚಿತ್ರ ಎಡಬಲ ತಿರುಗಿದೆಯೇ ನೋಡಿ. ಗಾಜಿನ ನೆಗೆಟಿವನ್ನು ಹಿಂದುಮುಂದು ಮಾಡಿ ಅಚ್ಚು ಹಾಕಿದ್ದು ಅಪರೂಪವೇನಲ್ಲ. ಗೋಡೆಯ ಜಾಹೀರಾತಿನ ಅಕ್ಷರಗಳು ಸರಿಯಾಗಿವೆಯೇ? ಜೋಡಿಹಳಿ ಇದ್ದರೆ ರೈಲು ಎಡಗಡೆಯ ಹಳಿಯ ಮೇಲಿದೆಯೇ? ಈ ಪರೀಕ್ಷೆ ಬಿಟ್ಟವರು ಇಲ್ಲದ ಸ್ಟೇಷನ್ನನ್ನು ನಕ್ಷೆಯಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.

ಇನ್ನು ಎಂಜಿನ್. ಕಾರ್ಡನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಸಂಖ್ಯೆಯನ್ನು ಓದಲು ಯತ್ನಿಸಿ. 1923ರ ಜನವರಿ 1ರಂದು ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಸೇರಿದವು, 1948ರ ಜನವರಿ 1ರಂದು ನಾಲ್ಕೂ ರಾಷ್ಟ್ರೀಕರಣಗೊಂಡವು. ಆಗ ಸದರ್ನ್ ಎಂಜಿನ್ನುಗಳ ಹಳೆಯ ಸಂಖ್ಯೆಗೆ 30,000, ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಶ್‌ನವಕ್ಕೆ 40,000, ಲಂಡನ್ ಅಂಡ್ ನಾರ್ತ್ ಈಸ್ಟರ್ನ್‌ನವಕ್ಕೆ 60,000 ಕೂಡಿಸಿದರು. ಗ್ರೇಟ್ ವೆಸ್ಟರ್ನ್‌ನವು ಮಾತ್ರ ಹಳೆಯ ಸಂಖ್ಯೆಯಲ್ಲೇ ಉಳಿದವು. ಹಾಗಾಗಿ 3, 4 ಅಥವಾ 6ರಿಂದ ಶುರುವಾಗುವ ಐದಂಕಿಯ ಸಂಖ್ಯೆ ಕಂಡರೆ ಚಿತ್ರ 1948 ಅಥವಾ ಆಮೇಲಿನದು. ಇದನ್ನು ತಿರುಗಿಸಿ ಹೇಳುವಂತಿಲ್ಲ. ಹೊಸ ಸಂಖ್ಯೆ ಬರೆಯುವ ಕೆಲಸ ಕೆಲವು ವರ್ಷ ಎಳೆಯಿತು, ಆದ್ದರಿಂದ ನಾಲ್ಕಂಕಿ ಇದ್ದ ಮಾತ್ರಕ್ಕೆ 1948ಕ್ಕಿಂತ ಹಿಂದಿನದೆನ್ನಲಾಗದು.

ಕೈಮರ ಕಂಡರೆ ಅದೃಷ್ಟ. ತುದಿಯಲ್ಲಿ ಮೀನಿನ ಬಾಲದಂತೆ ಸೀಳಿರುವುದು ಡಿಸ್ಟಂಟ್ ಸಿಗ್ನಲ್, ಅಂದರೆ ಮುಂದಿನ ಸಿಗ್ನಲ್ ಹೇಗಿದೆಯೆಂದು ಮುನ್ಸೂಚನೆ ಕೊಡುವಂಥದ್ದು. ಮೊದಲು ಅದರ ತೋಳೂ ಕೆಂಪಾಗಿಯೇ ಇತ್ತು, 1920ರ ದಶಕದ ನಡುವಿನಿಂದ ಹಳದಿ ಬಳಿಯುತ್ತ ಬಂದರು. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯುವುದು ಹೇಗೆ ಅನ್ನುತ್ತೀರಿ. ಬರೀ ತೋಳು ನೋಡಿದರೆ ತಿಳಿಯದು, ಹಳೆಯ ಫಿಲ್ಮಿನಲ್ಲಿ ಕೆಂಪಷ್ಟೇ ಅಲ್ಲ, ಹಳದಿಯೂ ಮಂಕಾಗಿ ಕಾಣುವುದುಂಟು. ತೋಳಿನ ಮೇಲಿರುವ ಪಟ್ಟಿ ನೋಡಿ. ಕೆಂಪು ತೋಳಿನ ಮೇಲಿನ ಪಟ್ಟಿ ಬಿಳಿ, ಹಳದಿ ತೋಳಿನ ಮೇಲಿನದು ಕಪ್ಪು. ಪಟ್ಟಿಯ ಬಣ್ಣ ತೋಳಿಗಿಂತ ತಿಳಿಯಾಗಿದ್ದರೆ ಹಳೆಯ ಕಾಲ, ಗಾಢವಾಗಿದ್ದರೆ ಹೊಸ ಕಾಲ.

ಪ್ಲಾಟ್‌ಫಾರಂ ಅಂಚಿಗೆ ಬಿಳಿ ಗೆರೆ ಬಳಿದಿದ್ದರೆ 1939ರ ನಂತರದ್ದೆಂಬ ಗುಮಾನಿ ಬಲವಾಗುತ್ತದೆ. ಯುದ್ಧಕಾಲದ ಕತ್ತಲಿನಲ್ಲಿ ಜನ ಹಳಿಗೆ ಬೀಳದಿರಲಿ ಎಂದು ಬಳಿದದ್ದು. ಎರಡು ಕಂಬ ನಿಂತಿದ್ದು ನಡುವೆ ಹೆಸರಿನ ಬೋರ್ಡೇ ಇಲ್ಲದಿದ್ದರೆ 1940ರ ಬೇಸಿಗೆಯನ್ನು ನೆನೆಯಿರಿ. ಜರ್ಮನ್ ಸೈನಿಕರು ಇಳಿದರೆ ಊರು ಯಾವುದೆಂದು ತಿಳಿಯಬಾರದೆಂದು ಬೋರ್ಡುಗಳನ್ನು ಕಿತ್ತಿಟ್ಟಿದ್ದರು. ಬಿಳಿ ಹಲಗೆಯ ಮೇಲೆ ಅಲಂಕಾರವಿಲ್ಲದ ಕಪ್ಪು ಅಕ್ಷರ, ಜೊತೆಗೆ ಎರಡು ಬಾಣಗಳ ಲಾಂಛನ ಇದ್ದರೆ 1965 ಮತ್ತು ಆಮೇಲಿನದು.

ಜನರ ಉಡುಪನ್ನು ಕೊನೆಗಿಡಿ. ಹಳ್ಳಿಯ ಸ್ಟೇಷನ್ನಿನಲ್ಲಿ ಒಂದೇ ಕೋಟನ್ನು ಇಪ್ಪತ್ತು ವರ್ಷ ಹಾಕಿಕೊಂಡವರಿದ್ದರು. ಸಿಕ್ಕ ಒಂದೊಂದು ಸುಳಿವಿಗೂ “ಇದಕ್ಕಿಂತ ಹಿಂದಿನದಲ್ಲ”, “ಇದಕ್ಕಿಂತ ಈಚಿನದಲ್ಲ” ಎಂದು ಎರಡು ಕಾಲಂ ಮಾಡಿ ಬರೆದುಕೊಳ್ಳಿ. ಎರಡರ ನಡುವೆ ಐದಾರು ವರ್ಷದ ಅಂತರ ಉಳಿದರೆ ಕೆಲಸ ಚೆನ್ನಾಗಿ ಆಯಿತೆಂದೇ ಅರ್ಥ.

ಪ್ರ: ನಾವಿರುವ ನಾರ್‌ಫಕ್ ಹಳ್ಳಿಯಲ್ಲಿ ಯಾರನ್ನು ಕೇಳಿದರೂ “ನಮ್ಮ ಸ್ಟೇಷನ್ ಮುಚ್ಚಿಸಿದ್ದು ಬೀಚಿಂಗ್” ಅನ್ನುತ್ತಾರೆ. ಮುಚ್ಚಿದ ತಾರೀಖನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜ ಯಾವುದು?

ಉ: ನಾರ್‌ಫಕ್ ಎಂದ ಕೂಡಲೇ ನಮಗೆ ಅನುಮಾನ. ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ಡಾಕ್ಟರ್ ರಿಚರ್ಡ್ ಬೀಚಿಂಗ್ ಅವರ ವರದಿ ಹೊರಬಿದ್ದದ್ದು 1963ರ ಮಾರ್ಚ್ 27ರಂದು. ಐದು ಸಾವಿರ ಮೈಲಿಯಷ್ಟು ಮಾರ್ಗ, ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಬೇಕೆಂದು ಅದರಲ್ಲಿತ್ತು. ಆದರೆ ನಾರ್‌ಫಕ್‌ನ ಹಳ್ಳಿಗಳನ್ನು ಹಾದುಹೋಗುತ್ತಿದ್ದ ಮಿಡ್‌ಲ್ಯಾಂಡ್ ಅಂಡ್ ಗ್ರೇಟ್ ನಾರ್ದರ್ನ್ ಜಂಟಿ ಮಾರ್ಗದ ಬಹುಭಾಗ ಅದಕ್ಕೆ ನಾಲ್ಕು ವರ್ಷ ಮೊದಲೇ ಮುಚ್ಚಿತ್ತು. ರಾಷ್ಟ್ರೀಕರಣದಿಂದ ಆ ವರದಿಯವರೆಗಿನ ಹದಿನೈದು ವರ್ಷದಲ್ಲೇ ದೇಶದಲ್ಲಿ ಮೂರು ಸಾವಿರ ಮೈಲಿಗಿಂತ ಹೆಚ್ಚು ಹಳಿ ಕೈಬಿಟ್ಟಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಮೊದಲ ಮಹಾಯುದ್ಧದ ಉಳಿತಾಯಕ್ಕೆಂದು 1917ರ ಜನವರಿ 1ರಂದು ಮುಚ್ಚಿದ ಎಷ್ಟೋ ಸ್ಟೇಷನ್ನುಗಳು ಮತ್ತೆ ತೆರೆಯಲೇ ಇಲ್ಲ. ಊರಿನವರ ನೆನಪಿನಲ್ಲಿ ಎಲ್ಲ ಪಾಪವೂ ಒಬ್ಬರ ತಲೆಗೇ ಬಂದಿದೆ. ಬೀಚಿಂಗ್ ಮಾಡಿದ್ದು ಶಿಫಾರಸು, ಒಪ್ಪಿಗೆಯ ಸಹಿ ಸಾರಿಗೆ ಮಂತ್ರಿಯದು. 1964ರಲ್ಲಿ ಸರ್ಕಾರ ಬದಲಾದ ಮೇಲೂ ಮುಚ್ಚುವ ಕೆಲಸ ನಿಲ್ಲಲಿಲ್ಲ.

ತಾರೀಖಿನ ಜಗಳಕ್ಕೆ ಕಾರಣ ಸರಳ. ಅಧಿಕೃತ ಕಾಗದದಲ್ಲಿ “ಇಂಥ ಸೋಮವಾರದಿಂದ ಸೇವೆ ಇಲ್ಲ” ಎಂದಿರುತ್ತದೆ. ಭಾನುವಾರ ರೈಲಿಲ್ಲದ ಮಾರ್ಗದಲ್ಲಿ ಕೊನೆಯ ರೈಲು ಓಡಿದ್ದು ಶನಿವಾರ. ಮೇಲೆ ಹೇಳಿದ ಜಂಟಿ ಮಾರ್ಗದ ಕೊನೆಯ ರೈಲುಗಳು 1959ರ ಫೆಬ್ರವರಿ 28ರ ಶನಿವಾರ ಓಡಿದವು, ಕಾಗದದ ಮೇಲಿನ ತಾರೀಖು ಮಾರ್ಚ್ 2ರ ಸೋಮವಾರ. ಸಾಮರ್‌ಸೆಟ್ ಅಂಡ್ ಡಾರ್ಸೆಟ್ ಮಾರ್ಗದಲ್ಲಿ ಕೊನೆಯ ರೈಲು 1966ರ ಮಾರ್ಚ್ 6ರ ಭಾನುವಾರ, ಮುಚ್ಚಿದ್ದು 7ರಂದು. ಇಬ್ಬರು ಹಿರಿಯರು ಎರಡು ದಿನದ ವ್ಯತ್ಯಾಸದಲ್ಲಿ ವಾದಿಸುತ್ತಿದ್ದರೆ ಇಬ್ಬರ ಮಾತೂ ಸರಿಯಿರಬಹುದು.

ವ್ಯತ್ಯಾಸ ಎರಡು ದಿನದ್ದಲ್ಲ, ಐದಾರು ವರ್ಷದ್ದು ಎಂದಾದರೆ ಬೇರೆ ಕಥೆ. ಪ್ರಯಾಣಿಕರ ರೈಲು ನಿಂತ ಮೇಲೂ ಕಲ್ಲಿದ್ದಲು, ಗೊಬ್ಬರ, ಸಕ್ಕರೆ ಬೀಟು ಸಾಗಿಸುವ ಗೂಡ್ಸ್ ವರ್ಷಗಟ್ಟಲೆ ಬರುತ್ತಿತ್ತು. ಆಮೇಲೆ ಹಳಿ ಕಿತ್ತರು. ಪ್ರಯಾಣಿಕರ ಸೇವೆ ನಿಂತದ್ದು, ಗೂಡ್ಸ್ ನಿಂತದ್ದು, ಹಳಿ ಕಿತ್ತದ್ದು ಹೀಗೆ ಮೂರು ತಾರೀಖುಗಳನ್ನು ಬೇರೆಬೇರೆಯಾಗಿ ಹುಡುಕಬೇಕು. “ನಾನು ಚಿಕ್ಕವಳಿದ್ದಾಗ ರೈಲು ನೋಡಿದ್ದೇನೆ” ಎಂಬ ಅಜ್ಜಿಯ ಮಾತನ್ನು ಮುಚ್ಚಿದ ತಾರೀಖು ತೋರಿಸಿ ತಳ್ಳಿಹಾಕಬೇಡಿ. ಅವರು ನೋಡಿದ್ದು ಗೂಡ್ಸ್ ಇರಬಹುದು.

ಹುಡುಕುವ ದಾರಿ ಹೀಗೆ. ಜಿಲ್ಲೆಯ ದಾಖಲೆ ಕಚೇರಿಯಲ್ಲಿ ಸ್ಥಳೀಯ ಪತ್ರಿಕೆಯ ಮೈಕ್ರೊಫಿಲ್ಮ್ ಕೇಳಿ, ಮುಚ್ಚಿದ ವಾರ ಮತ್ತು ಅದರ ಮುಂದಿನ ವಾರದ್ದು. ಕೊನೆಯ ರೈಲಿನ ಫೋಟೊ ಬಹುತೇಕ ಸಿಗುತ್ತದೆ. ಕಂಪನಿ ಕಾಲದ ಕಾಗದ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ. 1948ಕ್ಕೆ ಹಿಂದಿನವು ‘ರೈಲ್’ ಎಂಬ ಶೀರ್ಷಿಕೆಯಲ್ಲಿ, ಸಚಿವಾಲಯದ ಕಡತಗಳು ‘ಎಂಟಿ’ ಎಂಬುದರಲ್ಲಿ. ಗುರುತು ಮತ್ತು ವಿಳಾಸದ ಪುರಾವೆ ಒಯ್ದರೆ ಓದುಗರ ಕಾರ್ಡು ಉಚಿತ. ಪೆನ್ನು ಒಳಗೆ ಬಿಡುವುದಿಲ್ಲ, ಸೀಸದಕಡ್ಡಿ ಒಯ್ಯಿರಿ. ಸ್ಕಾಟ್‌ಲೆಂಡಿನ ಮಾರ್ಗಗಳಾದರೆ ಎಡಿನ್‌ಬರೋದಲ್ಲಿ ವಿಚಾರಿಸಿ. 1962ರ ಸಾರಿಗೆ ಕಾಯಿದೆಯ ನಂತರ ಮುಚ್ಚಿದ್ದಾದರೆ ಸಾರಿಗೆ ಬಳಕೆದಾರರ ಸಮಿತಿಯ ವಿಚಾರಣೆಯ ವರದಿ ಕೇಳಲು ಮರೆಯಬೇಡಿ. ಆ ಸಮಿತಿ ಪರಿಗಣಿಸಬಹುದಾಗಿದ್ದದ್ದು ಪ್ರಯಾಣಿಕರ ಕಷ್ಟವನ್ನು ಮಾತ್ರ, ರೈಲ್ವೆಯ ಲೆಕ್ಕಾಚಾರವನ್ನಲ್ಲ. ಅದರಿಂದಾಗಿ ಯಾರು ಎಷ್ಟು ಗಂಟೆಯ ರೈಲಿಗೆ ಶಾಲೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುತ್ತಿದ್ದರು ಎಂಬ ವಿವರ ರಾಶಿ ಸಿಗುತ್ತದೆ. ಊರಿನ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಡತ ಇನ್ನೊಂದಿಲ್ಲ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಗಳನ್ನು ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಜಾಲತಾಣದಲ್ಲಿ ಉಚಿತವಾಗಿ ತೋರಿಸುತ್ತದೆ, ಇಂಗ್ಲೆಂಡಿನವನ್ನೂ ಸೇರಿಸಿ. ಮೈಲಿಗೆ 25 ಇಂಚಿನ ನಕ್ಷೆಯಲ್ಲಿ ಗೂಡ್ಸ್ ಶೆಡ್ಡು, ಸಿಗ್ನಲ್ ಪೆಟ್ಟಿಗೆ (ಸಿಗ್ನಲ್‌ಮನ್ ಕೂತು ಕೆಲಸ ಮಾಡುವ ಕೋಣೆ), ದನ ಹತ್ತಿಸುವ ಕಟ್ಟೆ ಎಲ್ಲವೂ ಕಾಣುತ್ತವೆ. ಅಂಚಿನಲ್ಲಿ ಮುದ್ರಣದ ವರ್ಷವನ್ನು ಬಿಟ್ಟು ಪರಿಷ್ಕರಿಸಿದ ವರ್ಷ ಓದಿಕೊಳ್ಳಿ. ಎರಡರ ನಡುವೆ ವರ್ಷಗಳ ಅಂತರ ಇರುತ್ತದೆ.

ಪ್ರ: ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ಡೆಂಟ್ ಸ್ಟೇಷನ್ನಿನಲ್ಲಿ ಇಳಿದೆವು. ಡೆಂಟ್ ಊರು ನಾಲ್ಕು ಮೈಲಿಗೂ ದೂರ, ಅದೂ ಕಡಿದಾದ ಇಳಿಜಾರು! ಊರಿನ ಜಮೀನುದಾರರು ರೈಲು ಬೇಡವೆಂದಿದ್ದರಂತೆ, ಹೌದೆ?

ಉ: ಬ್ರಿಟನ್ನಿನಲ್ಲಿ ಊರಿನಿಂದ ದೂರವಿರುವ ಪ್ರತಿ ಸ್ಟೇಷನ್ನಿಗೂ ಈ ಜಮೀನುದಾರರ ಕಥೆ ಅಂಟಿಕೊಂಡಿದೆ. ಕೆಲವು ಕಡೆ ನಿಜವೂ ಹೌದು. ಡೆಂಟಿನಲ್ಲಿ ಕಾರಣ ಏರು. ಸೆಟಲ್–ಕಾರ್‌ಲೈಲ್ ಮಾರ್ಗವನ್ನು ಮಿಡ್‌ಲ್ಯಾಂಡ್ ಕಂಪನಿ ಸ್ಕಾಟ್‌ಲೆಂಡಿಗೆ ಹೋಗುವ ವೇಗದ ರೈಲುಗಳಿಗಾಗಿ ಕಟ್ಟಿತು, ಪ್ರಯಾಣಿಕರಿಗೆ ತೆರೆದದ್ದು 1876ರ ಮೇ 1ರಂದು. ಏರು ನೂರಕ್ಕೆ ಒಂದನ್ನು ಮೀರಬಾರದೆಂಬುದು ಲೆಕ್ಕ. ರಿಬಲ್‌ಹೆಡ್‌ನ 24 ಕಮಾನುಗಳ ಸೇತುವೆ ದಾಟಿ, ಬ್ಲೀ ಮೂರ್ ಸುರಂಗ ಹೊಕ್ಕು ಬೆಟ್ಟದ ನೆತ್ತಿಗೆ ಬಂದ ಹಳಿಯನ್ನು ಕಣಿವೆಯ ತಳದಲ್ಲಿರುವ ಡೆಂಟಿಗೆ ಇಳಿಸಿ ಮತ್ತೆ ಹತ್ತಿಸುವುದು ಆಗದ ಮಾತು. ಅದಕ್ಕೇ ಸ್ಟೇಷನ್ ಸುಮಾರು 350 ಮೀಟರ್ ಎತ್ತರದಲ್ಲಿ ನಿಂತಿತು, ಇಂಗ್ಲೆಂಡಿನ ಮುಖ್ಯಮಾರ್ಗದ ಸ್ಟೇಷನ್ನುಗಳಲ್ಲಿ ಅದೇ ಅತಿ ಎತ್ತರದ್ದು. ಮೇಲುಗಡೆಯ ಇಳಿಜಾರಿನಲ್ಲಿ ಹಳೆಯ ಸ್ಲೀಪರುಗಳನ್ನು ನೆಟ್ಟ ಬೇಲಿ ಕಂಡಿರಬೇಕು. ಅದು ಹಳಿಗೆ ಹಿಮ ನುಗ್ಗದಂತೆ ಹಾಕಿದ ತಡೆ.

ಡೆಂಟ್ ಕೂಡ ಮುಚ್ಚಿತ್ತು. 1970ರ ಮೇ ತಿಂಗಳಲ್ಲಿ ಮುಚ್ಚಿ 1986ರಲ್ಲಿ ಮತ್ತೆ ತೆರೆಯಿತು. ಇಡೀ ಮಾರ್ಗವನ್ನೇ ಮುಚ್ಚುವ ಪ್ರಸ್ತಾವ ಬಿದ್ದುಹೋದದ್ದು 1989ರ ಏಪ್ರಿಲ್‌ನಲ್ಲಿ.

ಅಂದಹಾಗೆ, ಹೆಸರಿನ ಕೊನೆಗೆ ‘ರೋಡ್’ ಎಂದಿದ್ದ ಸ್ಟೇಷನ್ನುಗಳನ್ನು ಕಂಡರೆ ಎಚ್ಚರ. ಆ ಊರಿಗೆ ಹೋಗುವ ರಸ್ತೆಯಲ್ಲಿ ಇದೆ ಅಂತಷ್ಟೇ ಅದರರ್ಥ. ಕಾರ್ನ್‌ವಾಲಿನ ಬಾಡ್ಮಿನ್ ರೋಡ್ 1859ರಲ್ಲಿ ತೆರೆಯಿತು, ಬಾಡ್ಮಿನ್ ಅಲ್ಲಿಂದ ಮೂರು ಮೈಲಿಗೂ ಆಚೆ. 1983ರಲ್ಲಿ ಅದೇ ಬಾಡ್ಮಿನ್ ಪಾರ್ಕ್‌ವೇ ಆಯಿತು. ಹೆಸರು ಬದಲಾದರೂ ನಡಿಗೆ ಅಷ್ಟೇ ಇದೆ.

ಪ್ರ: ಬ್ರಿಸ್ಟಲ್‌ನ ಕಾರ್ನ್ ಎಕ್ಸ್‌ಚೇಂಜ್ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳು. ಇದಕ್ಕೂ ರೈಲಿಗೂ ಏನು ನಂಟು?

ಉ: ಒಂದು ಮುಳ್ಳು ಲಂಡನ್ನಿನ ಹೊತ್ತು, ಇನ್ನೊಂದು ಬ್ರಿಸ್ಟಲ್ಲಿನ ಸೂರ್ಯನ ಹೊತ್ತು. ರೇಖಾಂಶ ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ನಾಲ್ಕು ನಿಮಿಷ ಹಿಂದೆ. ಬ್ರಿಸ್ಟಲ್ ಗ್ರೀನಿಚ್‌ನಿಂದ ಸುಮಾರು 2.6 ಡಿಗ್ರಿ ಪಶ್ಚಿಮಕ್ಕಿದೆ, ಅಲ್ಲಿಗೆ ಹತ್ತು ನಿಮಿಷ. ಗ್ರೇಟ್ ವೆಸ್ಟರ್ನ್ 1840ರಲ್ಲೇ ತನ್ನ ಸ್ಟೇಷನ್ನುಗಳಲ್ಲಿ ಲಂಡನ್ ಹೊತ್ತು ಇಟ್ಟಿತು. ಊರ ಗಡಿಯಾರ ನಂಬಿ ಹೊರಟವರಿಗೆ ರೈಲು ತಪ್ಪುತ್ತಿತ್ತು. ದೇಶಕ್ಕೆಲ್ಲ ಒಂದೇ ಹೊತ್ತು ಕಾನೂನಾದದ್ದು 1880ರಲ್ಲಿ.

ಪ್ರ: ಪಕ್ಕದ ಮನೆಯ ತೊಂಬತ್ತರ ಹರೆಯದವರೊಬ್ಬರು ಸಿಗ್ನಲ್‌ಮನ್ ಆಗಿದ್ದವರು. ಅವರ ನೆನಪುಗಳನ್ನು ಧ್ವನಿಮುದ್ರಿಸಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?

ಉ: ಮುಂದಿನ ತಿಂಗಳಿಗೆ ಇಡಬೇಡಿ, ಈ ವಾರವೇ ಮಾಡಿ. ಮೊಬೈಲ್ ಸಾಕು, ಆದರೆ ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ಬೇಕೇ ಬೇಕು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಎಂಪಿ3 ಬಿಟ್ಟು ವೇವ್ ಫೈಲಿನಲ್ಲಿ ಮುದ್ರಿಸಿ. ಟಿಕ್‌ಟಿಕ್ ಗಡಿಯಾರವಿದ್ದರೆ ಆಚೆ ಕೋಣೆಗೆ ಸಾಗಿಸಿ, ಫ್ರಿಜ್ ಇರುವ ಅಡುಗೆಮನೆಯಲ್ಲಿ ಕೂರಬೇಡಿ. ಕೇಳುವಾಗ ಗಮನಕ್ಕೇ ಬಾರದ ಫ್ರಿಜ್ಜಿನ ಗುಂಯ್ ಸದ್ದು ಮುದ್ರಣದಲ್ಲಿ ಮಾತನ್ನೇ ನುಂಗುತ್ತದೆ. ಮೊದಲ ಎರಡು ನಿಮಿಷ ಮುದ್ರಿಸಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಮುಂದುವರಿಸಿ. ಒಂದು ಕೂರುವಿಕೆಗೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ.

“ನಿಮ್ಮ ನೆನಪು ಹೇಳಿ” ಎಂದು ಕೇಳಿದರೆ ನೂರು ಸಲ ಹೇಳಿ ಹಳೆಯದಾದ ನಾಲ್ಕು ಕಥೆಗಳಷ್ಟೇ ಬರುತ್ತವೆ. ಅದರ ಬದಲು ಕೆಲಸ ಕೇಳಿ. ಬೆಳಗಿನ ಪಾಳಿಗೆ ಬಂದ ಕೂಡಲೇ ಮೊದಲು ಮುಟ್ಟುತ್ತಿದ್ದುದು ಏನು? ದೀಪಕ್ಕೆ ಎಣ್ಣೆ ಯಾವ ದಿನ ಹಾಕುತ್ತಿದ್ದರು? ಸಿಗ್ನಲ್ ದೀಪಗಳು ಎಂಟು ದಿನ ಉರಿಯುವಂಥವು, ವಾರಕ್ಕೊಮ್ಮೆ ಎಣ್ಣೆ. ದೀಪದ ಕೋಣೆ ಪ್ರತ್ಯೇಕವಾಗಿ, ಎಷ್ಟೋ ಕಡೆ ತಗಡಿನದಾಗಿ ಇದ್ದದ್ದು ಸೀಮೆಎಣ್ಣೆಯ ಬೆಂಕಿಯ ಭಯಕ್ಕೆ. 25 ಇಂಚಿನ ನಕ್ಷೆಯ ಪ್ರತಿ ಮೇಜಿನ ಮೇಲೆ ಹರಡಿ “ಈ ಬಾಗಿಲಿನಿಂದ ಆ ತುದಿಗೆ ನಡೆದುಕೊಂಡು ಹೋಗೋಣ” ಅನ್ನಿ. ಹಾಲಿನ ಕ್ಯಾನುಗಳ ವಿಷಯ ಬರಲಿ. ಹಳೆಯ 17 ಗ್ಯಾಲನ್ ಕ್ಯಾನಿನಲ್ಲಿ ಹಾಲೇ 79 ಕಿಲೊ ತೂಗುತ್ತಿತ್ತು, ಎತ್ತುವ ಬದಲು ಓರೆ ಮಾಡಿ ಅಂಚಿನ ಮೇಲೆ ಉರುಳಿಸುತ್ತಿದ್ದರು. ಆ ಕೈಚಳಕವನ್ನು ಕಂಡವರೇ ಹೇಳಬೇಕು.

ಸಿಗ್ನಲ್‌ಮನ್ ಆದ್ದರಿಂದ ಗಂಟೆಯ ಸಂಕೇತ ಕೇಳಿ, ಮೇಜಿನ ಮೇಲೆ ತಟ್ಟಿ ತೋರಿಸಲಿ. ಪಕ್ಕದ ಪೆಟ್ಟಿಗೆಯವನನ್ನು ಕರೆಯಲು ಒಂದು ಬಡಿತ, ಎಕ್ಸ್‌ಪ್ರೆಸ್‌ಗೆ ದಾರಿ ಕೇಳಲು ನಾಲ್ಕು, ಸಾಧಾರಣ ಪ್ಯಾಸೆಂಜರಿಗೆ ಮೂರು ಬಡಿದು ತುಸು ತಡೆದು ಒಂದು, ರೈಲು ಹೊರಟಿತೆನ್ನಲು ಎರಡು, ದಾಟಿತೆನ್ನಲು ಎರಡು ಬಡಿದು ತುಸು ತಡೆದು ಒಂದು, ಅಪಾಯಕ್ಕೆ ಒಂದೇ ಸಮನೆ ಆರು. ಊರ ಹೆಸರು ಮರೆತವರ ಬೆರಳೂ ಇದನ್ನು ಮರೆತಿರುವುದಿಲ್ಲ.

ಕೈಕೊಡುವುದು ಇಸವಿ. “ಯಾವ ವರ್ಷ?” ಎಂದು ನೇರವಾಗಿ ಕೇಳಿದರೆ ಸುಮ್ಮನೆ ಒಂದು ಸಂಖ್ಯೆ ಬರುತ್ತದೆ, ಮುಂದೆ ಅದೇ ಅಚ್ಚಾಗಿ ಉಳಿಯುತ್ತದೆ. ಗೂಟ ಹುಡುಕಿ ಕಟ್ಟಿ. ಆಗ ಮೂರನೇ ದರ್ಜೆ ಟಿಕೆಟ್ ಇತ್ತೇ? ಇದ್ದರೆ 1956ರ ಜೂನ್‌ಗಿಂತ ಹಿಂದೆ. 1955ರ ಮೇ ಕೊನೆಯಲ್ಲಿ ಆದ ಎಂಜಿನ್ ಚಾಲಕರ ಮುಷ್ಕರಕ್ಕೆ ಮೊದಲೋ ಆಮೇಲೋ? 1947ರ ಹಿಮವೋ 1963ರ ಹಿಮವೋ? ಸಂಬಳ ಶಿಲ್ಲಿಂಗಿನಲ್ಲೋ ಹೊಸ ಪೆನ್ಸಿನಲ್ಲೋ? ನಾಣ್ಯ ಬದಲಾದದ್ದು 1971ರ ಫೆಬ್ರವರಿ 15.

ಮುಗಿಸುವ ಮುನ್ನ ಸಹಿ ಮಾಡಿಸಿಕೊಳ್ಳಿ. ಬ್ರಿಟನ್ನಿನ 1988ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಮುದ್ರಿಸಿದವರು ನೀವಾದರೂ ಮಾತಿನ ಹಕ್ಕು ಆಡಿದವರದು. ಒಪ್ಪಿಗೆ ಬರಹದಲ್ಲಿ ಇಲ್ಲದಿದ್ದರೆ ದಾಖಲೆ ಕಚೇರಿ ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತದೆ. ಬದುಕಿರುವ ಮೂರನೆಯವರ ಮೇಲೆ ಆರೋಪವಿದ್ದರೆ ಆ ಭಾಗವನ್ನು ಹೊರಗೆ ಬಿಡುವ ಮೊದಲು ಯೋಚಿಸಿ.

ಪ್ರ: ಹರಾಜಿನಲ್ಲಿ ಹಳೆಯ ಎನಾಮಲ್ ಸ್ಟೇಷನ್ ಫಲಕ ಕೊಳ್ಳಬೇಕೆಂದಿದ್ದೇನೆ. ನಕಲಿ ಎಂದು ತಿಳಿಯುವುದು ಹೇಗೆ?

ಉ: ನೀವು ಹೇಳುವುದು ದುಂಡುತುದಿಯ, ನಡುವೆ ಅಡ್ಡಪಟ್ಟಿಯಿರುವ ‘ಟೋಟೆಮ್’ ಇರಬೇಕು. ಸುಮಾರು ಮೂರಡಿ ಉದ್ದ, ಒಂದಡಿಗಿಂತ ತುಸು ಕಡಿಮೆ ಎತ್ತರ, 1948ರ ನಂತರದ್ದು. ಮೊದಲ ಪರೀಕ್ಷೆ ಬಣ್ಣ ಮತ್ತು ಊರು. ವೆಸ್ಟರ್ನ್ ವಲಯಕ್ಕೆ ಕಂದು, ಸದರ್ನ್‌ಗೆ ಹಸಿರು, ಲಂಡನ್ ಮಿಡ್‌ಲ್ಯಾಂಡ್‌ಗೆ ಮರೂನ್, ಈಸ್ಟರ್ನ್‌ಗೆ ಕಡುನೀಲಿ, ನಾರ್ತ್ ಈಸ್ಟರ್ನ್‌ಗೆ ಕಿತ್ತಳೆ, ಸ್ಕಾಟ್‌ಲೆಂಡಿಗೆ ತಿಳಿನೀಲಿ. ಕೆಂಟ್ ಜಿಲ್ಲೆಯ ಊರಿನ ಹೆಸರು ಕಿತ್ತಳೆಯಲ್ಲಿದ್ದರೆ ಅಲ್ಲಿಗೇ ಬಿಡಿ. ಗಡಿಭಾಗದ ಸ್ಟೇಷನ್ನುಗಳು ವಲಯದಿಂದ ವಲಯಕ್ಕೆ ಹೋದದ್ದುಂಟು, ಅಲ್ಲಿ ಎರಡು ಬಣ್ಣಕ್ಕೂ ಅವಕಾಶವಿದೆ. ಎಲ್ಲ ಸ್ಟೇಷನ್ನಿಗೂ ಟೋಟೆಮ್ ಇರಲಿಲ್ಲ ಎಂಬುದೂ ನೆನಪಿರಲಿ. ಆ ಕಾಲದ ಫೋಟೊದಲ್ಲಿ ಕಾಣಬೇಕು.

ಎನಾಮಲ್ ಎಂದರೆ ಉಕ್ಕಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಕೂರಿಸಿದ ಗಾಜು. ಅಯಸ್ಕಾಂತ ಹಿಡಿಯಬೇಕು. ಬಣ್ಣ ಪದರಪದರವಾಗಿ ಕೂತದ್ದರಿಂದ ಅಕ್ಷರದ ಅಂಚಿಗೆ ಉಗುರು ತಾಗಬೇಕು. ಪೆಟ್ಟಾದ ಕಡೆ ಗಾಜಿನ ಚಕ್ಕೆ ಎದ್ದು ಕೆಳಗೆ ತುಕ್ಕು ಕಾಣುತ್ತದೆ, ಬಣ್ಣದ ಸಿಪ್ಪೆ ಸುಲಿಯುವುದಿಲ್ಲ. ತಿರುಪಿನ ತೂತುಗಳ ಸುತ್ತ ಚಕ್ಕೆ ಹೋಗಿರುವುದು ಸಹಜ, ತಿರುಪು ಬಿಗಿ ಮಾಡುವಾಗ ಒಡೆದದ್ದು. ತೂತಿನ ಸುತ್ತ ಒಂದು ಗೀರೂ ಇಲ್ಲದ ಫಲಕ ಒಂದೋ ಗೋದಾಮಿನಲ್ಲೇ ಉಳಿದದ್ದು, ಇಲ್ಲವೇ ಹೊಸದು. ಕೊನೆಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ತುಂಬಿ ಬಣ್ಣ ಹಚ್ಚಿದ ಜಾಗ ಮಂಕಾಗಿ ಎದ್ದು ಕಾಣುತ್ತದೆ. ರಿಪೇರಿ ತಪ್ಪಲ್ಲ, ಹೇಳದೆ ಮಾರುವುದು ತಪ್ಪು.

ಪ್ರ: ಪ್ಲಾಟ್‌ಫಾರಂ ಚಾವಣಿಯ ಅಂಚಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಮರದ ಪಟ್ಟಿ ಬರೀ ಅಲಂಕಾರವೇ?

ಉ: ಅಲ್ಲ. ಚೂಪು ತುದಿಯಿಂದ ನೀರು ತೊಟ್ಟಿಕ್ಕಿ ಬೀಳುತ್ತದೆ, ಮರದ ಅಂಚಿನಲ್ಲೇ ನಿಂತು ಕೊಳೆಸುವುದಿಲ್ಲ. ಪಟ್ಟಿಗಳು ಒಂದೊಂದಾಗಿ ನೇತಾಡುವುದರಿಂದ ಕೊಳೆತದ್ದನ್ನು ಮಾತ್ರ ಬದಲಿಸಬಹುದು. ಹಿಂದಿರುವ ಮಳೆನೀರಿನ ದೋಣಿಯೂ ಮರೆಯಾಗುತ್ತದೆ. ಹಲ್ಲಿನ ಆಕಾರ ನೋಡಿ ಕಂಪನಿ ಹೇಳುವವರಿದ್ದಾರೆ, ಆದರೆ ರಿಪೇರಿಯ ಬಡಗಿಗಳು ತೋಚಿದಂತೆ ಕತ್ತರಿಸಿದ್ದೂ ಬೇಕಾದಷ್ಟಿದೆ. ಕಂಪನಿ ಗುರುತಿಗೆ ಬೆಂಚಿನ ಎರಕದ ಕಾಲು ವಾಸಿ. ಫರ್ನೆಸ್ ರೈಲ್ವೆಯ ಬೆಂಚಿನಲ್ಲಿ ದ್ರಾಕ್ಷಿ ತಿನ್ನುವ ಅಳಿಲು ಇದೆ, ಅದನ್ನು ಬೇರೆ ಯಾವುದಕ್ಕೂ ಅದಲುಬದಲು ಮಾಡಲಾಗದು.

ಪ್ರ: ಕಿತ್ತ ರೈಲುಮಾರ್ಗದುದ್ದಕ್ಕೂ ನಡೆದು ಹಳೆಯ ಸ್ಟೇಷನ್ ಹುಡುಕಬಹುದೇ? ಯಾರೂ ತಡೆಯುವುದಿಲ್ಲವೇ?

ಉ: ತಡೆಯಬಹುದು. ನಕ್ಷೆಯಲ್ಲಿ ಕಿತ್ತ ರೈಲುಮಾರ್ಗ ಎಂದು ತೋರಿಸಿದ ಮಾತ್ರಕ್ಕೆ ಅದು ದಾರಿಯಲ್ಲ. ಬಹುಪಾಲು ಪಕ್ಕದ ಹೊಲದವರಿಗೆ ಮಾರಿಹೋಗಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1:25,000 ನಕ್ಷೆಯಲ್ಲಿ ಹಸಿರು ತುಂಡುಗೆರೆ ಅದರ ಮೇಲೇ ಹಾದಿದ್ದರೆ ನಡೆಯುವ ಹಕ್ಕಿದೆ. ಸ್ಕಾಟ್‌ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆ ಹೆಚ್ಚು ಉದಾರ. ಬ್ರಿಸ್ಟಲ್–ಬಾತ್ ಹಾದಿ, ಪೀಕ್ ಡಿಸ್ಟ್ರಿಕ್ಟ್‌ನ ಎಂಟೂವರೆ ಮೈಲಿಯ ಮಾನ್ಸಲ್ ಟ್ರೇಲ್ ಸಾರ್ವಜನಿಕ ದಾರಿಗಳೇ, ಮಾನ್ಸಲ್‌ನ ಸುರಂಗಗಳು 2011ರಿಂದ ತೆರೆದಿವೆ. ರೈಲು ಓಡುವ ಹಳಿಗೆ ಇಳಿದರೆ ಸಾವಿರ ಪೌಂಡುವರೆಗೆ ದಂಡ.

ಚಳಿಗಾಲದ ಕೊನೆ ಒಳ್ಳೆಯ ಕಾಲ, ಮುಳ್ಳುಪೊದೆಯ ಎಲೆ ಉದುರಿರುತ್ತದೆ. ಪ್ಲಾಟ್‌ಫಾರಂ ಅಂಚಿನ ಕಲ್ಲುಗಳು ಗಾರೆ ಬಿಟ್ಟು ಕೂತಿರುತ್ತವೆ, ಮೇಲೆ ನಿಲ್ಲಬೇಡಿ. ಸ್ಟೇಷನ್ ಕಟ್ಟಡವೇ ಕಾಣದಿದ್ದರೆ ಗೂಡ್ಸ್ ಶೆಡ್ಡು ಹುಡುಕಿ, ಗೋದಾಮಾಗಿ ಅದು ಹೆಚ್ಚು ಉಳಿದುಕೊಂಡಿದೆ. ದಕ್ಷಿಣದಲ್ಲಾದರೆ ಸಾಲಾಗಿ ನಿಂತ ಕಾಂಕ್ರೀಟ್ ಬೇಲಿಕಂಬ ಕಂಡಲ್ಲಿ ನಿಲ್ಲಿ. ಸದರ್ನ್ ರೈಲ್ವೆ ಅವನ್ನು ಎಕ್ಸ್‌ಮತ್ ಜಂಕ್ಷನ್ ಕಾರ್ಖಾನೆಯಲ್ಲಿ ಎರಕ ಹಾಕಿಸುತ್ತಿತ್ತು. ಕಂಬಗಳ ಸಾಲು ಹಳಿಯಿಂದ ದೂರ ಸರಿದು ಅಗಲವಾದ ಕಡೆ ಗೂಡ್ಸ್ ಅಂಗಳವಿತ್ತೆಂದು ತಿಳಿದು, ನಕ್ಷೆಯ ಜೊತೆ ಹೊಂದಿಸಿ ನೋಡಿ.